ಹೊಸದೋ, ಹಳೇದೋ, ಟ್ಯಾಬೋ? ಕಾಲೇಜಿಗೆ ಹೊರಟವರ ಮನೆಗೊಂದು ಲೆಕ್ಕ

ಸಿಇಟಿ ರ‍್ಯಾಂಕ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ನೆಂಟರಲ್ಲಿ ‘ಕಂಪ್ಯೂಟರ್ ಗೊತ್ತಿರೋನು’ ಅಂತ ಒಬ್ಬ ಇದ್ದರೆ ಅವನ ಗತಿ ಇದೇ. ಈ ಸಲ ಮೊದಲ ಫೋನ್ ಕೊಪ್ಪದಿಂದ, ಅಕ್ಕನದು. “ಇವನಿಗೆ ಮೆಕ್ಯಾನಿಕಲ್ ಸಿಗೋ ಹಾಗಿದೆ ಕಣೋ. ಐವತ್ತು ಸಾವಿರ ತೆಗೆದಿಟ್ಟಿದ್ದೀವಿ. ಇವನು ಟ್ಯಾಬ್ ಅಂತಾನೆ, ನಿಮ್ಮ ಭಾವ ಹೊಸ ಲ್ಯಾಪ್‌ಟಾಪ್ ಅಂತಾರೆ. ಪಕ್ಕದ ಮನೆ ಹುಡುಗ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅಂದ. ನೀನೇನು ಹೇಳ್ತಿ?”

ನಾನು ಪಕ್ಕದ ಮನೆ ಹುಡುಗನ ಕಡೆ. ಮೊದಲ ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸಿನ ಒಂದು ಗಟ್ಟಿ ಹಳೇ ಲ್ಯಾಪ್‌ಟಾಪ್ ಸಾಕು, ಉಳಿದ ದುಡ್ಡು ಮೂರನೇ ವರ್ಷಕ್ಕೆ ಇರಲಿ ಅಂದೆ. ಅಕ್ಕನಿಗೆ ಹಿಡಿಸಲಿಲ್ಲ. “ಮಗು ಹೊಸದಾಗಿ ಕಾಲೇಜಿಗೆ ಹೋಗುವಾಗ ಯಾರೋ ಬಳಸಿ ಬಿಟ್ಟಿದ್ದು ಕೊಡೋದಾ?” ಅಂದಳು. ಮಾತು ಸರಿಯೇ. ಆದರೂ ನನ್ನ ಲೆಕ್ಕ ಹೇಳುತ್ತೇನೆ.

ಹದಿನೆಂಟರ ಹುಡುಗನಿಗೆ ತನ್ನ ಕೆಲಸ ಏನು ಅಂತ ಗೊತ್ತಿರುವುದಿಲ್ಲ. ಮೆಕ್ಯಾನಿಕಲ್‌ಗೆ ಸೇರಿದವನು ಮೂರನೇ ವರ್ಷದ ಹೊತ್ತಿಗೆ ಪೈಥಾನ್ ಬರೆಯುತ್ತಾ ಕೂತಿರಬಹುದು. ಕಂಪ್ಯೂಟರ್ ಸೈನ್ಸ್‌ಗೆ ಸೇರಿದವಳು ವಿಡಿಯೊ ಎಡಿಟಿಂಗ್ ಹಿಡಿದಿರಬಹುದು. ಎರಡಕ್ಕೂ ಬೇಕಾದ ಮೆಷಿನ್ ಬೇರೆ. ಕೆಲಸ ಗೊತ್ತಾಗುವ ಮೊದಲೇ ಪೂರ್ತಿ ದುಡ್ಡು ಹಾಕಿದರೆ, ಗೊತ್ತಾಗುವ ಹೊತ್ತಿಗೆ ಆ ಮೆಷಿನ್ ಹಳೇದಾಗಿರುತ್ತದೆ, ಮಾರಲು ಹೋದರೆ ಅರ್ಧವೂ ಹುಟ್ಟುವುದಿಲ್ಲ. ಹೊಸ ಗ್ಯಾಜೆಟ್‌ನ ಬೆಲೆ ಜಾಸ್ತಿ ಕರಗುವುದು ಮೊದಲ ಎರಡು ವರ್ಷದಲ್ಲಿ. ಆ ಎರಡು ವರ್ಷದ ನಷ್ಟವನ್ನು ಯಾವುದೋ ಐಟಿ ಕಂಪನಿ ಹೊತ್ತುಕೊಂಡ ಮೇಲೆ ನಾವು ಕೊಂಡರೆ ಆಯಿತಲ್ವಾ?

ಈ ಉತ್ತರ ಎಲ್ಲರಿಗೂ ಹೊಂದುವುದಿಲ್ಲ. ಯಾರಿಗೆ ಹೊಂದುವುದಿಲ್ಲ ಅನ್ನುವುದನ್ನೂ ಮುಂದೆ ಹೇಳುತ್ತೇನೆ.

ಮೊದಲು ಕೋರ್ಸ್ ಯಾವುದು ಹೇಳಿ

ಅಂಗಡಿಯವನು ಮೊದಲು ಕೇಳುವುದು ಬಜೆಟ್. ನಾನು ಕೇಳುವುದು ಕೋರ್ಸ್.

ಬಿ.ಕಾಂ. ಓದುವವರಿಗೆ ಟ್ಯಾಲಿ ಬೇಕು, ಟ್ಯಾಲಿ ಓಡುವುದು ವಿಂಡೋಸ್ ಮೇಲೆ. ಹಾಗಾಗಿ ಮ್ಯಾಕ್, ಐಪ್ಯಾಡ್ ಅಲ್ಲಿಗೇ ಮುಗಿಯಿತು. ಸಿವಿಲ್‌ನವರ ಸ್ಟ್ಯಾಡ್ ಪ್ರೊ, ಇಟ್ಯಾಬ್ಸ್, ರೆವಿಟ್, ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್, ಈ ಡಿಸೈನ್ ಸಾಫ್ಟ್‌ವೇರ್‌ಗಳೆಲ್ಲವೂ ವಿಂಡೋಸ್‌ನವೇ. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷದಲ್ಲೇ ಕಂಪ್ಯೂಟರ್ ಮೇಲೆ ಎಂಜಿನಿಯರಿಂಗ್ ಡ್ರಾಯಿಂಗ್ ಮಾಡಿಸುತ್ತಾರೆ. ಅದು ಕಾಲೇಜಿನ ಲ್ಯಾಬಿನಲ್ಲೇ ನಡೆಯುತ್ತದೆ, ಆದರೂ ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್ಲಿನಲ್ಲಿ ಒಂದು ವಿಂಡೋಸ್ ಮೆಷಿನ್ ಇದ್ದರೆ ಎಷ್ಟು ಅನುಕೂಲ ಅನ್ನುವುದು ಓದಿದವರಿಗೆ ಗೊತ್ತು.

ಕಂಪ್ಯೂಟರ್ ಸೈನ್ಸ್‌ನವರು ಏನು ಬೇಕಾದರೂ ತಗೊಳ್ಳಬಹುದು. ಮೊದಲ ಎರಡು ವರ್ಷ ಬರೆಯುವ ಸಿ, ಜಾವಾ, ಪೈಥಾನ್‌ಗೆ ಎಂಟು ವರ್ಷ ಹಳೇ ಮೆಷಿನ್ ಕೂಡ ಧಾರಾಳ. ಆಂಡ್ರಾಯ್ಡ್ ಆ್ಯಪ್ ಮಾಡಲು ಕೂತಾಗ ಮಾತ್ರ ರ‍್ಯಾಮ್ 16 ಜಿಬಿ ಇರಬೇಕು, ಇಲ್ಲದಿದ್ದರೆ ಎಮ್ಯುಲೇಟರ್ (ಪರದೆ ಮೇಲೆ ಓಡುವ ನಕಲಿ ಫೋನ್) ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಬರಬಹುದು.

ಎಂಬಿಬಿಎಸ್, ಲಾ, ಬಿ.ಎ. ಓದುವವರದು ಬೇರೆ ಕಥೆ. ಅವರ ಕೆಲಸ ಓದುವುದು, ಗುರುತು ಹಾಕುವುದು, ಬರೆಯುವುದು. ಟ್ಯಾಬ್ ಅನ್ನುವ ಮಾತಿಗೆ ನಿಜವಾದ ಅರ್ಥ ಇರುವುದು ಇವರ ಹತ್ತಿರ.

ಡಿಪ್ಲೊಮಾ, ಐಟಿಐ ಹುಡುಗರಿಗೆ ಮನೆಯಲ್ಲಿ ಕಷ್ಟ ಇದ್ದರೆ ಸಾಲ ಮಾಡಿ ಏನೂ ಕೊಡಿಸಬೇಡಿ. ಕೈಯಲ್ಲಿರುವ ಫೋನು, ಕಾಲೇಜಿನ ಲ್ಯಾಬು ಒಂದು ವರ್ಷ ತಳ್ಳುತ್ತವೆ.

ಎಸ್.ಪಿ. ರೋಡಿನ ಹಳೇ ಲ್ಯಾಪ್‌ಟಾಪ್

ಬೆಂಗಳೂರಿನ ಐಟಿ ಕಂಪನಿಗಳು ನೌಕರರಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳನ್ನು ಮೂರು–ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸುತ್ತವೆ. ಹಳೇವು ಲಾಟ್‌ನಲ್ಲಿ ಹೊರಗೆ ಬರುತ್ತವೆ. ಅಲ್ಲಿಂದ ಸಾದರ ಪತ್ರಪ್ಪ ರಸ್ತೆ, ಅಂದರೆ ನಮ್ಮೆಲ್ಲರ ಎಸ್.ಪಿ. ರೋಡ್. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಅನ್ನುವ ಆಫೀಸ್ ಮಾಡೆಲ್‌ಗಳ ಹೆಸರುಗಳು ಅಲ್ಲಿ ಜಾಸ್ತಿ ಕಾಣುವುದು ಇದಕ್ಕೇ. ಇವು ಹೊಸದಿದ್ದಾಗ ಲಕ್ಷದ ಹತ್ತಿರದ ಮೆಷಿನ್‌ಗಳು. ಕೀಬೋರ್ಡ್ ಚೆನ್ನಾಗಿರುತ್ತದೆ, ಹಿಂಜ್ ಗಟ್ಟಿ, ಬಿಚ್ಚಿ ರಿಪೇರಿ ಮಾಡಲು ಸುಲಭ. ಮೂವತ್ತೈದು ಸಾವಿರದ ಹೊಸ ಲ್ಯಾಪ್‌ಟಾಪ್‌ನ ಪ್ಲಾಸ್ಟಿಕ್ ಮೈ ಒತ್ತಿ ನೋಡಿ, ಆಮೇಲೆ ಒಂದು ಹಳೇ ಥಿಂಕ್‌ಪ್ಯಾಡ್ ಎತ್ತಿ ನೋಡಿ. ನಾನು ಬೇರೆ ಏನೂ ಹೇಳಬೇಕಾಗಿಲ್ಲ.

ಆದರೆ ಇಲ್ಲಿ ಮೋಸ ಹೋಗಲು ದಾರಿಗಳೂ ಬೇಕಾದಷ್ಟಿವೆ.

“ಐ5 ಇದೆ ಸಾರ್” ಅಂದರೆ ಅಲ್ಲಿಗೇ ನಿಲ್ಲಬೇಡಿ. ಯಾವ ತಲೆಮಾರಿನ ಐ5 ಅಂತ ಕೇಳಿ. ಚಿಪ್‌ನ ನಂಬರ್‌ನಲ್ಲೇ ಅದು ಇರುತ್ತದೆ: ಐ5-8350ಯು ಅಂದರೆ 8ನೇ ತಲೆಮಾರು, ಐ5-1135ಜಿ7 ಅಂದರೆ 11ನೇದು. ಇದು ಯಾಕೆ ಮುಖ್ಯ ಅಂದರೆ, ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ವಿಂಡೋಸ್ 11 ಅಧಿಕೃತವಾಗಿ ಕೂರಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರು ಅಥವಾ ಅದರ ಮೇಲಿನದು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. 6ನೇ, 7ನೇ ತಲೆಮಾರಿನ ಮೆಷಿನ್‌ಗಳು ಅಗ್ಗಕ್ಕೆ ಸಿಗುವುದರ ಗುಟ್ಟು ಇದು. ಅಂಗಡಿಯವರು ಅವುಗಳ ಮೇಲೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಕೊಡುತ್ತಾರೆ, ನೋಡಲು ಎಲ್ಲ ಸರಿ ಇರುತ್ತದೆ, ಮುಂದಿನ ದೊಡ್ಡ ಅಪ್‌ಡೇಟ್‌ನಲ್ಲಿ ತೊಂದರೆ ಕೊಡಬಹುದು. ವಿಂಡೋಸ್ ಬದಲು ಉಚಿತ ಲಿನಕ್ಸ್ ಹಾಕಿಕೊಳ್ಳುವವರಾದರೆ 7ನೇದೂ ಸೈ, ಲಿನಕ್ಸ್‌ನದೇ ಉಬುಂಟು ಅದರ ಮೇಲೆ ಸಲೀಸಾಗಿ ಓಡುತ್ತದೆ.

ಎರಡನೆಯದು ಕಂಪನಿಯ ಬೀಗ. ಲಾಟ್‌ನಲ್ಲಿ ಬಂದ ಕೆಲವು ಮೆಷಿನ್‌ಗಳು ಹಳೇ ಕಂಪನಿಯ ಪಟ್ಟಿಯಲ್ಲಿ ಇನ್ನೂ ಉಳಿದಿರುತ್ತವೆ. ಇವತ್ತು ಚೆನ್ನಾಗಿ ಓಡುತ್ತದೆ. ಆರು ತಿಂಗಳ ಮೇಲೆ ಫಾರ್ಮ್ಯಾಟ್ ಮಾಡಿ ವೈಫೈ ಕೊಟ್ಟ ಕೂಡಲೇ ಯಾವುದೋ ಕಂಪನಿಯ ಹೆಸರು ಬಂದು ‘ನಿಮ್ಮ ಆಫೀಸ್ ಇಮೇಲ್ ಹಾಕಿ’ ಅನ್ನುತ್ತದೆ. ಆಗ ನೀವು ಬೀಗದ ಹೊರಗೆ. ಅದಕ್ಕೇ ಅಂಗಡಿಯಲ್ಲೇ, ನಿಮ್ಮ ಕಣ್ಣೆದುರು, ವಿಂಡೋಸ್ ರಿಸೆಟ್ ಮಾಡಿಸಿ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಸೆಟಪ್ ಪೂರ್ತಿ ಮುಗಿಯುವ ತನಕ ಕೂತುಕೊಳ್ಳಿ. ಮುಕ್ಕಾಲು ಗಂಟೆ ಹಿಡಿಯಬಹುದು. “ಟೈಮಿಲ್ಲ ಸಾರ್” ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ, ಎಸ್.ಪಿ. ರೋಡಿನಲ್ಲಿ ಅಂಗಡಿಗೇನು ಬರವೇ? ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್‌ಗೆ, ಪಾಸ್‌ವರ್ಡ್ ಇದೆಯೇ ಅಂತಲೂ ಒಳಗೆ ಹೋಗಿ ನೋಡಿ.

ಬ್ಯಾಟರಿಯ ಬಗ್ಗೆ ಬಾಯಿಮಾತು ನಂಬಬೇಡಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯವಿದೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಸಾಲು, ಅಂಗಡಿಯವನಿಗೇ ಹೇಳಿ ತೆಗೆಸಿ. ಅದರಲ್ಲಿ ಎರಡು ಅಂಕಿ ಇರುತ್ತವೆ: ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ. ಎರಡನೆಯದು ಮೊದಲನೆಯದರ ಮುಕ್ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಕಡಿಸಿ. ನೂರಕ್ಕೆ ನೂರು ತೋರಿಸಿದರೆ ಇನ್ನೂ ಹುಷಾರು, ಅದು ಡೂಪ್ಲಿಕೇಟ್ ಬ್ಯಾಟರಿ ಆಗಿರಲೂಬಹುದು. ಫೈಲ್‌ಗಳೆಲ್ಲ ಕೂರುವ ಎಸ್‌ಎಸ್‌ಡಿಯ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಂತ ಉಚಿತ ಸಾಫ್ಟ್‌ವೇರ್ ಇದೆ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ.

ರ‍್ಯಾಮ್ ಆಮೇಲೆ ಹಾಕಿಸಿಕೊಳ್ಳೋಣ ಅಂತ ಇದ್ದರೆ ಮಾಡೆಲ್ ನೋಡಿ ತಗೊಳ್ಳಿ. ಥಿಂಕ್‌ಪ್ಯಾಡ್ ಟಿ480ಗೆ ಎರಡು ಸ್ಲಾಟ್ ಇವೆ. ಟಿ490ರಲ್ಲಿ ಒಂದು ಬೆಸುಗೆ ಹಾಕಿದ್ದು, ಒಂದು ಸ್ಲಾಟ್. ತೆಳ್ಳಗೆ ಚೆಂದ ಕಾಣುವ ಎಕ್ಸ್1 ಕಾರ್ಬನ್‌ನಲ್ಲಿ ಪೂರ್ತಿ ಬೆಸುಗೆ, ಒಂದು ಜಿಬಿಯೂ ಸೇರಿಸಲಾಗದು. ಇನ್ನೊಂದು ಮಾತು: 2025ರ ಕೊನೆಯಿಂದ ಮೆಮೊರಿ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ನುಂಗುತ್ತಿವೆ. ಮೈಕ್ರಾನ್ ಕಂಪನಿಯಂತೂ ನಮ್ಮಂಥವರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಅಂತ ಆ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಹಾಗಾಗಿ ‘ಈಗ 8, ಆಮೇಲೆ 16’ ಅನ್ನುವ ನಮ್ಮ ಹಳೇ ಉಪಾಯ ಈಗ ಅಷ್ಟು ಲಾಭದ್ದಲ್ಲ. 16 ಜಿಬಿ ಇರುವ ಹಳೇ ಮೆಷಿನ್ ಸಿಕ್ಕರೆ ಒಂದೆರಡು ಸಾವಿರ ಜಾಸ್ತಿ ಕೊಟ್ಟಾದರೂ ಅದನ್ನೇ ಎತ್ತಿಕೊಳ್ಳಿ.

ಕೀಬೋರ್ಡಿನ ಪ್ರತಿ ಕೀ ಒತ್ತಿ ನೋಡುವುದು, ಬಿಳಿ ಪರದೆ ತೆರೆದು ಕಲೆ ಹುಡುಕುವುದು, ಎಲ್ಲ ಪೋರ್ಟ್‌ಗೂ ಪೆನ್‌ಡ್ರೈವ್ ಚುಚ್ಚುವುದು, ಇವೆಲ್ಲ ಹೇಳಬೇಕಾಗಿಲ್ಲ. ಜಿಎಸ್‌ಟಿ ಬಿಲ್ ತಗೊಳ್ಳಿ, ವಾರಂಟಿ ಎಷ್ಟು ತಿಂಗಳು ಅನ್ನುವುದನ್ನು ಬಿಲ್ ಮೇಲೇ ಬರೆಸಿ. ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ನಲ್ಲಿ ಗೀಚಿದ ವಾರಂಟಿ ಕಾಗದಕ್ಕಿಂತ ತೆಳ್ಳಗೆ.

ಹೊಸದೇ ಬೇಕು ಅನ್ನುವವರಿಗೆ

ಹಳೇದು ಯಾರಿಗೆ ಬೇಡ ಅಂದರೆ, ರಿಪೇರಿಯವರಿಂದ ದೂರ ಇರುವವರಿಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಓದುವ ಹುಡುಗಿಗೆ ಲ್ಯಾಪ್‌ಟಾಪ್ ಕೆಟ್ಟರೆ ಸಂಜೆ ಒಂದು ಬಸ್ ಹತ್ತಿದರೆ ಆಯಿತು. ಸಣ್ಣ ಊರಿನ ಕಾಲೇಜಿನಲ್ಲಿ ಓದುವವರಿಗೆ ಹತ್ತಿರದ ಸರ್ವಿಸ್ ಸೆಂಟರ್ ನೂರು ಕಿಲೋಮೀಟರ್ ಇರಬಹುದು. ಅಂಥವರಿಗೆ ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ಇರುವ ಹೊಸದೇ ಸರಿ. ಜೊತೆಗೆ ಬಿದ್ದು ಒಡೆದರೂ ಕವರ್ ಆಗುವ ಪ್ಲಾನ್ ಇದ್ದರೆ ಹಾಕಿಸಿ. ಹಾಸ್ಟೆಲ್ ಮಂಚದ ಮೇಲಿಂದ ಬೀಳದ ಲ್ಯಾಪ್‌ಟಾಪ್ ನಾನು ಕಂಡಿಲ್ಲ. ಆದರೆ ಅಂಗಡಿಯವನು “ಆನ್‌ಸೈಟ್ ಇದೆ” ಅಂದದ್ದನ್ನು ನಂಬಿ ಬರಬೇಡಿ. ನಿಮ್ಮ ಊರಿನ ಪಿನ್‌ಕೋಡ್‌ಗೆ ಅದು ಇದೆಯೇ ಅಂತ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ.

ಐವತ್ತು ಸಾವಿರದ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಣ್ಣಿಗೆ ಮಣ್ಣೆರಚುವುದು ಎರಡು ಕಡೆ. ಒಂದು ಚಿಪ್‌ನ ಹೆಸರು. ಎಎಂಡಿಯ ರೈಜನ್ 5 7520ಯು ಅನ್ನುವುದನ್ನು ನೋಡಿ. 7 ಸಾವಿರದ ನಂಬರ್ ಅಂದಕೂಡಲೇ ಹೊಚ್ಚಹೊಸದು ಅನ್ನಿಸುತ್ತದೆ. ಆದರೆ ಈ ಸರಣಿಯಲ್ಲಿ ನಿಜ ಹೇಳುವುದು ಮೂರನೇ ಅಂಕಿ. ಅಲ್ಲಿ 2 ಇದ್ದರೆ ಜೆನ್ 2, ಅಂದರೆ 2019ರ ವಿನ್ಯಾಸ. 3 ಇದ್ದರೆ ಜೆನ್ 3, 4 ಇದ್ದರೆ ಜೆನ್ 4. ಅದೇ 7520ಯು ಮೆಷಿನ್‌ಗಳಲ್ಲಿ ರ‍್ಯಾಮ್ ಕೂಡ ಬೆಸುಗೆ ಹಾಕಿದ್ದೇ. 8 ಜಿಬಿಯದು ಕೊಂಡರೆ ಸಾಯುವ ತನಕ 8 ಜಿಬಿ.

ಇನ್ನೊಂದು ಪರದೆ. ‘ಫುಲ್ ಎಚ್‌ಡಿ’ ಅಂತ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಚಿಕ್ಕದಾಗಿ 45% ಎನ್‌ಟಿಎಸ್‌ಸಿ, 250 ನಿಟ್ಸ್ ಅಂತ ಇರುತ್ತದೆ. ಹಾಗಂದರೆ ಬಣ್ಣ ಬಿಳಚಿಕೊಂಡ, ಕಿಟಕಿ ಪಕ್ಕ ಕೂತರೆ ಕಾಣದ ಪರದೆ. ಕೋಡ್ ಬರೆಯಲು ನಡೆಯುತ್ತದೆ. ಫೋಟೊ, ವಿಡಿಯೊ, ಡಿಸೈನ್ ಮಾಡುವವರಿಗೆ ಬೇಡವೇ ಬೇಡ.

ಈಚೆಗೆ ಎಲ್ಲ ಡಬ್ಬಿಯ ಮೇಲೂ ‘ಎಐ ಪಿಸಿ’ ಅಂತ ಸ್ಟಿಕ್ಕರ್. ಅದಕ್ಕೆ ಜಾಸ್ತಿ ಕೊಡಬೇಕೇ? ಮೈಕ್ರೋಸಾಫ್ಟ್ 2024ರ ಮೇನಲ್ಲಿ ಕೋಪೈಲಟ್ ಪ್ಲಸ್ ಪಿಸಿ ಅಂತ ಒಂದು ದರ್ಜೆ ಮಾಡಿತು: ಎಐಗೇ ಮೀಸಲಾದ ಎನ್‌ಪಿಯು ಚಿಪ್ 40 ಟಾಪ್ಸ್ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವಷ್ಟು) ಇರಬೇಕು, ರ‍್ಯಾಮ್ 16 ಜಿಬಿ ಇರಬೇಕು. ಅದರ ಮುಖ್ಯ ಆಕರ್ಷಣೆ ರೀಕಾಲ್, ಪರದೆಯ ಮೇಲೆ ನೀವು ನೋಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಸೌಲಭ್ಯ. ಖಾಸಗಿ ವಿಷಯ ಸೋರುತ್ತದೆ ಅಂತ ಗಲಾಟೆಯಾಗಿ ಅದು ಹೊರಬಂದದ್ದೇ 2025ರ ಏಪ್ರಿಲ್‌ನಲ್ಲಿ. ವಿದ್ಯಾರ್ಥಿಗಳು ಬಳಸುವ ಚಾಟ್‌ಜಿಪಿಟಿ, ಜೆಮಿನಿ ಇವೆಲ್ಲ ಓಡುವುದು ದೂರದ ಸರ್ವರ್‌ನಲ್ಲಿ. ನಿಮ್ಮ ಕಡೆ ಬೇಕಾದದ್ದು ಒಂದು ಬ್ರೌಸರ್, ಸ್ವಲ್ಪ ಇಂಟರ್ನೆಟ್. ಹತ್ತು ವರ್ಷದ ಹಳೇ ಮೆಷಿನ್ನಿನಲ್ಲೂ ಅವು ಅಷ್ಟೇ ಚೆನ್ನಾಗಿ ಉತ್ತರಿಸುತ್ತವೆ, ಅಷ್ಟೇ ಚೆನ್ನಾಗಿ ಸುಳ್ಳೂ ಹೇಳುತ್ತವೆ. ಆ ದರ್ಜೆಯ ಸ್ಟಿಕ್ಕರ್‌ನಿಂದ ಆದ ಒಂದೇ ಉಪಕಾರ ಅಂದರೆ 16 ಜಿಬಿ ರ‍್ಯಾಮ್ ಮಾಮೂಲಿಯಾಗತೊಡಗಿದ್ದು.

ಮ್ಯಾಕ್‌ಬುಕ್ ಬಗ್ಗೆ ಎರಡೇ ಮಾತು. 2025ರ ಮಾರ್ಚ್‌ನಲ್ಲಿ ಬಂದ ಎಂ4 ಏರ್ ಇಲ್ಲಿ 99,900 ರೂಪಾಯಿಗೆ ಬಿಡುಗಡೆಯಾಯಿತು, ವಿದ್ಯಾರ್ಥಿ ದರದಲ್ಲಿ 89,900. ಬ್ಯಾಟರಿ ದಿನವಿಡೀ ಬರುತ್ತದೆ, ಫ್ಯಾನ್ ಇಲ್ಲ, ಸದ್ದಿಲ್ಲ, ಆರೇಳು ವರ್ಷ ನಡೆಯುತ್ತದೆ. ಮನೆಯಲ್ಲಿ ಆ ದುಡ್ಡು ಭಾರ ಅಲ್ಲ ಅಂದರೆ, ಮತ್ತು ಕೋರ್ಸ್ ಕಂಪ್ಯೂಟರ್ ಸೈನ್ಸ್, ಡಿಸೈನ್, ಜರ್ನಲಿಸಂ ಆಗಿದ್ದರೆ, ಅದು ಒಳ್ಳೇ ಖರೀದಿ. ಸಿವಿಲ್, ಮೆಕ್ಯಾನಿಕಲ್, ಬಿ.ಕಾಂ. ಆಗಿದ್ದರೆ ಬಿಟ್ಟಿ ಕೊಟ್ಟರೂ ಮಾರಿ ವಿಂಡೋಸ್ ತಗೊಳ್ಳಿ.

ಗೇಮಿಂಗ್ ಲ್ಯಾಪ್‌ಟಾಪ್ ಕೇಳುವ ಹುಡುಗರು ಅದನ್ನು ಗೇಮ್‌ಗೆ ಅಂತ ಕೇಳುವುದಿಲ್ಲ, “ಮಷಿನ್ ಲರ್ನಿಂಗ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕು ಮಾವ” ಅನ್ನುತ್ತಾರೆ. ಒಪ್ಪೋಣ. ಆದರೆ ವಿದ್ಯಾರ್ಥಿಗಳ ಕೈಗೆಟುಕುವ ದರದ ಮೆಷಿನ್‌ನಲ್ಲಿ ಬರುವುದು 4 ಅಥವಾ 6 ಜಿಬಿಯ ಕಾರ್ಡ್. ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಉಚಿತವಾಗಿ ಸಿಗುವ ಟಿ4 ಕಾರ್ಡ್‌ಗೆ 16 ಜಿಬಿ ಇದೆ. ಹೊತ್ತಿಗೆ ಮಿತಿ ಇದೆ ನಿಜ, ಕಲಿಯುವವರಿಗೆ ಸಾಕು. ಎರಡೂಕಾಲು ಕೆಜಿ ಮೆಷಿನ್, ಇಟ್ಟಿಗೆಯಂಥ ಚಾರ್ಜರ್ ಎರಡನ್ನೂ ಬೆನ್ನಿಗೆ ಹಾಕಿಕೊಂಡು ಮೂರನೇ ಮಹಡಿಯ ಕ್ಲಾಸಿಗೆ ಹತ್ತುವುದು ಒಂದು ತಿಂಗಳ ಉತ್ಸಾಹ. ಆಮೇಲೆ ಅದು ಹಾಸ್ಟೆಲ್ಲಿನ ಟೇಬಲ್ ಬಿಟ್ಟು ಅಲ್ಲಾಡುವುದಿಲ್ಲ. ಅಲ್ಲಾಡದ ಮೆಷಿನ್ನೇ ಬೇಕಿದ್ದರೆ ಅದೇ ದುಡ್ಡಿಗೆ ಇದಕ್ಕಿಂತ ಜೋರಾದ ಡೆಸ್ಕ್‌ಟಾಪ್ ಕಟ್ಟಿಸಬಹುದು, ಯುಪಿಎಸ್ ಸೇರಿಸಿ.

ಟ್ಯಾಬ್ ಆಸೆ

ಅಕ್ಕನ ಮಗನಿಗೆ ಟ್ಯಾಬ್ ಬೇಕಿದ್ದದ್ದು ಒಂದು ವಿಡಿಯೊ ನೋಡಿ. ಅದರಲ್ಲಿ ಯಾರೋ ಐಪ್ಯಾಡ್ ಮೇಲೆ ಬಣ್ಣಬಣ್ಣದ ನೋಟ್ಸ್ ಬರೆಯುತ್ತಾರೆ. ನೋಡಲು ಬಹಳ ಚೆಂದ. ನಾನು ಅವನ ಜೊತೆ ಕೂತು ಕೂಡಿದೆ. 2025ರಲ್ಲಿ ಬಂದ ಮಾಮೂಲಿ ಐಪ್ಯಾಡ್ ಬಿಡುಗಡೆಯ ಬೆಲೆ 34,900. ಅಗ್ಗದ ಪೆನ್ಸಿಲ್ 7,900. ಇಲ್ಲಿಗೇ 42,800. ಆ್ಯಪಲ್‌ನದೇ ಕೀಬೋರ್ಡ್ ಸೇರಿಸಿದರೆ ಒಳ್ಳೇ ಲ್ಯಾಪ್‌ಟಾಪ್‌ನ ಬೆಲೆ ದಾಟುತ್ತದೆ. ಇಷ್ಟಾದ ಮೇಲೂ ಅವನ ಡ್ರಾಯಿಂಗ್ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲ. ಕೋಡ್ ಬರೆದು ಓಡಿಸಲೂ ಒದ್ದಾಟ.

ಮೆಡಿಕಲ್ ಹುಡುಗಿಯೊಬ್ಬಳು ಇದೇ ಪ್ರಶ್ನೆ ಕೇಳಿದ್ದರೆ ನಾನು ತಕ್ಷಣ ಹೂಂ ಅನ್ನುತ್ತಿದ್ದೆ. ಸಾವಿರ ಪುಟದ ಅನಾಟಮಿ ಪಿಡಿಎಫ್ ಮೇಲೆ ಗೆರೆ ಎಳೆಯುತ್ತಾ, ಚಿತ್ರ ಬಿಡಿಸುತ್ತಾ ಓದಲು ಟ್ಯಾಬ್‌ಗಿಂತ ಒಳ್ಳೇದಿಲ್ಲ. ಐಪ್ಯಾಡೇ ಆಗಬೇಕಿಲ್ಲ. ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್6 ಲೈಟ್‌ನಂಥವುಗಳಲ್ಲಿ ಪೆನ್ ಡಬ್ಬಿಯಲ್ಲೇ ಬರುತ್ತದೆ, ಬೇರೆ ದುಡ್ಡಿಲ್ಲ.

ಬೇಡ ಅನ್ನುವುದು ಎಂಟು–ಹತ್ತು ಸಾವಿರದ ಟ್ಯಾಬ್. ಮಕ್ಕಳಿಗೆ ಕಾರ್ಟೂನ್ ತೋರಿಸಲು ಸರಿ, ಓದಿಗೆ ಅಲ್ಲ. ಇದನ್ನು ನಮ್ಮ ದೇಶ ಒಮ್ಮೆ ದೊಡ್ಡದಾಗಿ ಕಲಿತಿದೆ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಕೇಂದ್ರ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ವಿದ್ಯಾರ್ಥಿಗಳಿಗೆಂದೇ ಅಗ್ಗದ ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿದಾಗ ಪೇಪರ್ ತುಂಬಾ ಅದೇ ಸುದ್ದಿ. ಏಳು ಇಂಚು, 256 ಎಂಬಿ ರ‍್ಯಾಮ್, ಉಗುರಲ್ಲಿ ಒತ್ತಿ ಒತ್ತಿ ಹೇಳಬೇಕಾದ ಪರದೆ. ಬೆಲೆ ಕಡಿಮೆ ಇತ್ತು, ಕೆಲಸ ಅದಕ್ಕಿಂತ ಕಡಿಮೆ ಇತ್ತು.

ಅದಕ್ಕೂ ಮೊದಲು ನಮ್ಮ ಬೆಂಗಳೂರಿನದೇ ಒಂದು ಕಥೆ ಇದೆ, ವಿಷಯ ಸ್ವಲ್ಪ ಅಡ್ಡ ಹೋಗುತ್ತದೆ, ಹೇಳದೆ ಇರಲಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮುಂತಾದವರು ಸೇರಿ ಸಿಂಪ್ಯೂಟರ್ ಅನ್ನುವ ಕೈಗಣಕ ಮಾಡಿದರು. 2004ರಲ್ಲಿ ಬಿಇಎಲ್ ಜೊತೆಗೂಡಿ ‘ಅಮಿಡಾ’ ಹೆಸರಲ್ಲಿ ಮಾರುಕಟ್ಟೆಗೂ ಬಂತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಪುಟ ತಿರುಗುತ್ತಿತ್ತು! ಐಫೋನ್ ಬರಲು ಇನ್ನೂ ಮೂರು ವರ್ಷ ಇತ್ತು. ಎಷ್ಟು ಜಾಣ ಮೆಷಿನ್, ಆದರೂ ಜನ ಕೊಳ್ಳಲಿಲ್ಲ. ಅದರಲ್ಲಿ ಮಾಡುವ ಕೆಲಸ ಇದು ಅಂತ ತೋರಿಸುವವರೇ ಕಡಿಮೆ ಇದ್ದರು.

ನಾನೂ ಈ ಹಳ್ಳಕ್ಕೆ ಬಿದ್ದವನೇ. ತಿರುಗಿಸಿದರೆ ಟ್ಯಾಬ್, ಬಿಡಿಸಿದರೆ ಲ್ಯಾಪ್‌ಟಾಪ್ ಅನ್ನುವ ಒಂದು ಸಾಮಾನು ತಂದಿದ್ದೆ. 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಮೊದಲ ದೊಡ್ಡ ವಿಂಡೋಸ್ ಅಪ್‌ಡೇಟ್ ಬಂದಾಗ ಅದನ್ನು ಇಳಿಸಿಕೊಳ್ಳಲೇ ಜಾಗ ಇರಲಿಲ್ಲ. ಈಗ ನಮ್ಮನೆ ಅಡುಗೆಮನೆಯಲ್ಲಿ ಅದರ ಮೇಲೆ ಮಿಕ್ಸಿ ಕೂತಿದೆ.

ವಾಚು, ಕನ್ನಡಕ, ಇತ್ಯಾದಿ

ಸ್ಮಾರ್ಟ್‌ವಾಚ್ ಓದಿಗೆ ಬೇಡ. ಹೆಜ್ಜೆ ಎಣಿಸಲು ಎರಡು–ಮೂರು ಸಾವಿರದ ಬ್ಯಾಂಡ್ ಸಾಕು. ಕಿವಿಗೆ ಹಾಕುವ ಇಯರ್‌ಬಡ್ಸ್‌ನಲ್ಲಿ ತುಂಬಾ ದುಡ್ಡು ಹಾಕಬೇಡಿ. ಕಡಲೆಕಾಳಿನಷ್ಟು ಬ್ಯಾಟರಿ, ಬದಲಾಯಿಸುವ ದಾರಿ ಇಲ್ಲ, ಎರಡು–ಮೂರು ವರ್ಷಕ್ಕೆ ದಣಿಯುತ್ತದೆ.

ಎಐ ಹೆಸರಿನ ಹೊಸ ಹೊಸ ಗ್ಯಾಜೆಟ್‌ಗಳ ಬಗ್ಗೆ ಹುಮೇನ್ ಎಐ ಪಿನ್ ಕಥೆ ಸಾಕು. ಅಂಗಿಗೆ ಸಿಕ್ಕಿಸುವ ಬಿಲ್ಲೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 699 ಡಾಲರ್‌ಗೆ ಬಂತು, ಮೇಲೆ ತಿಂಗಳಿಗೆ 24 ಡಾಲರ್ ಚಂದಾ. ಮುಂದಿನ ಫೆಬ್ರವರಿಯಲ್ಲಿ ಕಂಪನಿಯ ಆಸ್ತಿಯನ್ನು ಎಚ್‌ಪಿ ಕೊಂಡಿತು, 28ನೇ ತಾರೀಕು ಸರ್ವರ್ ಬಂದ್. ಅಷ್ಟು ದುಡ್ಡು ಕೊಟ್ಟವರ ಕೈಯಲ್ಲಿ ಒಂದು ವರ್ಷದೊಳಗೆ ಬರೀ ಬಿಲ್ಲೆ ಉಳಿಯಿತು. ಮೆಟಾದ ರೇಬ್ಯಾನ್ ಕನ್ನಡಕ 2025ರ ಮೇನಲ್ಲಿ ಇಲ್ಲಿಗೂ ಬಂತು, ಆಗ ಬೆಲೆ 29,900ರಿಂದ ಶುರುವಾಗಿತ್ತು. ಕೆಲಸ ಮಾಡುತ್ತದೆ, ಮಜಾ ಇದೆ. ಸಂಬಳ ಬರುವವರ ಆಟಿಕೆ ಅದು. ಕಂಪನಿಯ ಸರ್ವರ್ ಆರಿದರೆ ಈ ಸಾಮಾನು ಏನಾಗುತ್ತದೆ ಅನ್ನುವುದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಓದುವ ಹುಚ್ಚಿರುವ ಮಕ್ಕಳಿಗೆ ಕಿಂಡಲ್ ಕೊಡಿಸಲೇ ಅಂತ ಕೇಳುತ್ತಾರೆ. ಇಂಗ್ಲಿಷ್ ಓದಿಗೆ ಧಾರಾಳವಾಗಿ ಕೊಡಿಸಿ, ಕಣ್ಣಿಗೆ ಒಳ್ಳೇದು, ವಾರಗಟ್ಟಲೆ ಚಾರ್ಜ್ ನಿಲ್ಲುತ್ತದೆ. ಕನ್ನಡಕ್ಕೆ ಅಂತಾದರೆ ಯೋಚಿಸಿ. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಪುಸ್ತಕ ತಂದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಓದಿಸುವ ಮೈಲ್ಯಾಂಗ್‌ನಂಥ ಆ್ಯಪ್ ಫೋನಿನಲ್ಲೇ ಓಡುತ್ತದೆ, ಬೇರೆ ಯಂತ್ರ ಬೇಕಿಲ್ಲ.

ಫೋನ್ ಬದಲಾಯಿಸಬೇಕಿದ್ದರೆ ಕ್ಯಾಮೆರಾಗಿಂತ ಮೊದಲು ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ನೋಡಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಮಾತು ಶುರುವಾಗಿದೆ. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷ ಇದೆ. ಹಳೇ ಫೋನ್ ಕೊಳ್ಳುವುದಾದರೆ ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ ಐಎಂಇಐ ನಂಬರ್ ತೆಗೆದು, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಕದ್ದದ್ದು ಅಂತ ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಯಾವಾಗ, ಹೇಗೆ

ದಸರಾ ಹೊತ್ತಿನ ಆನ್‌ಲೈನ್ ಸೇಲ್‌ನಲ್ಲಿ ಕಡಿಮೆ ಸಿಗುತ್ತದೆ ನಿಜ. ಆದರೆ ಕ್ಲಾಸ್ ಅದಕ್ಕೆ ಮೊದಲೇ ಶುರುವಾಗಿರುತ್ತದೆ. ಕಾಯುವುದಾದರೆ ಕಾಯಿರಿ, ಮೊದಲ ತಿಂಗಳು ಲ್ಯಾಬು, ಗೆಳೆಯರ ಮೆಷಿನ್ ಇದ್ದೇ ಇರುತ್ತದೆ. ಆ ತಿಂಗಳಲ್ಲಿ ಸೀನಿಯರ್‌ಗಳನ್ನು ಕೇಳಿದರೆ ಏನು ಬೇಕು ಅನ್ನುವುದೂ ತಿಳಿಯುತ್ತದೆ. ಜೂನ್‌ನಿಂದಲೇ ಕೆಲವು ಕಂಪನಿಗಳ ವಿದ್ಯಾರ್ಥಿ ರಿಯಾಯಿತಿ ಇರುತ್ತದೆ, ಕಾಲೇಜಿನ ಐಡಿ ಕೇಳುತ್ತಾರೆ.

‘ನೋ ಕಾಸ್ಟ್ ಇಎಂಐ’ ಅಂದರೆ ಬಡ್ಡಿ ಇಲ್ಲ ಅಂದುಕೊಳ್ಳಬೇಡಿ. ಸೊನ್ನೆ ಬಡ್ಡಿಯ ಸಾಲದ ಹೆಸರಲ್ಲಿ ಬಡ್ಡಿ ಮುಚ್ಚಿಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಅದಕ್ಕೇ ಬ್ಯಾಂಕ್ ಬಡ್ಡಿ ಹಾಕುತ್ತದೆ, ಮಾರುವವನು ಅಷ್ಟನ್ನು ಡಿಸ್ಕೌಂಟ್ ಅಂತ ಕಳೆಯುತ್ತಾನೆ. ಆದರೆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮ ತಲೆಗೇ. 60 ಸಾವಿರದ ಲ್ಯಾಪ್‌ಟಾಪ್, 9 ಕಂತು, 15% ಬಡ್ಡಿ ಅಂತಿಟ್ಟುಕೊಂಡರೆ ಬಡ್ಡಿ ಸುಮಾರು 3,600, ಅದರ ಮೇಲೆ ಜಿಎಸ್‌ಟಿ 650ರ ಹತ್ತಿರ. ಪ್ರೊಸೆಸಿಂಗ್ ಫೀ ಬೇರೆ. ದೊಡ್ಡ ಮೊತ್ತವಲ್ಲ, ಗೊತ್ತಿರಲಿ ಅಷ್ಟೇ. ಪೂರ್ತಿ ದುಡ್ಡು ಕೊಟ್ಟರೆ ಎಷ್ಟು ಬಿಡುತ್ತೀರಿ ಅಂತ ಕೇಳಿ, ಆಗ ನಿಜವಾದ ವ್ಯತ್ಯಾಸ ಕಾಣುತ್ತದೆ. ಮಾರಿದವರು ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಬಿಲ್ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ.

ಕೊನೆಗೆ ಅಕ್ಕನ ಮಗ ಬೆಂಗಳೂರಿಗೆ ಬಂದ. ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿದೆವು. ಮೂರನೆಯದರಲ್ಲಿ ರಿಸೆಟ್ ಮಾಡಿಸಿದಾಗ ಒಂದು ಕಂಪನಿಯ ಹೆಸರು ಬಂದೇ ಬಿಟ್ಟಿತು, ಅಂಗಡಿಯವನೇ ನಕ್ಕು ಅದನ್ನು ಎತ್ತಿಟ್ಟ. ನಾಲ್ಕನೆಯದರಲ್ಲಿ 16 ಜಿಬಿಯ ಟಿ480 ಸಿಕ್ಕಿತು, ಮೂಲೆಯಲ್ಲಿ ಒಂದು ಗೀರು, ಬ್ಯಾಟರಿ 78%. ಇಪ್ಪತ್ತೊಂದು ಸಾವಿರ ಹೇಳಿದವನು ಹತ್ತೊಂಬತ್ತೂವರೆಗೆ ಇಳಿದ. ಹುಡುಗ ಮೊದಲ ದಿನ ಮುಖ ಊದಿಸಿಕೊಂಡೇ ಇದ್ದ. ಈಗ ಹಾಸ್ಟೆಲ್ಲಿನಲ್ಲಿ ಬೇರೆಯವರ ಲ್ಯಾಪ್‌ಟಾಪ್ ಬಿಚ್ಚಿ ಧೂಳು ತೆಗೆಯುವಷ್ಟು ಮುಂದುವರಿದಿದ್ದಾನೆ.

ಉಳಿದ ಮೂವತ್ತು ಸಾವಿರ ಮೂರನೇ ವರ್ಷಕ್ಕೆ ಅಂತ ನಾನು ಹೇಳಿದ್ದೆನಲ್ಲ, ಅದು ಉಳಿಯಲಿಲ್ಲ. ಜುಲೈ ಗಾಳಿಮಳೆಗೆ ಕೊಟ್ಟಿಗೆಯ ಶೀಟ್ ಹಾರಿ ಹೋಯಿತು, ದುಡ್ಡು ಅಲ್ಲಿಗೆ ಹೋಯಿತು. “ಮೂರನೇ ವರ್ಷದ ಹೊತ್ತಿಗೆ ಅಡಿಕೆಗೆ ರೇಟು ಬಂದರೆ ನೋಡೋಣ ಬಿಡು” ಅಂದಳು ಅಕ್ಕ.